ಯಾರೂ ಮೆಟ್ಟದ ಚಪ್ಪಲಿ

ದೆವ್ವ, ಗಾಳಿ ಸೋಕು, ಸತ್ತವರು ಕನಸಿಗೆ ಬಂದು ಏನೋ ಕೇಳುವುದು, ಇವೆಲ್ಲ ನನಗೆ ಬಹಳ ಕಾಲ ತಮಾಷೆಯ ವಿಷಯಗಳೇ ಆಗಿದ್ದವು. ಯಾರಾದರೂ ಇಂಥ ಕಥೆ ತೆಗೆದರೆ ಸಾಕು, "ಸುಮ್ನಿರಯ್ಯ, ಕಂಡಿದೀನಿ" ಅಂತ ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೆ ಕಾರಣವೂ ಉಂಟು. ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಸತ್ತವರನ್ನು ಕಾಣಿಸುವುದು ನನ್ನ ಕಸುಬಿನಲ್ಲೇ ಸೇರಿತ್ತು. ಹಳ್ಳಿಯವರು ಯಾವುದೋ ಮದುವೆಯ ಗ್ರೂಪ್ ಫೋಟೋ ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವವರನ್ನು ತೋರಿಸಿ, "ಇದ್ರಲ್ಲಿ ನಮ್ಮಪ್ಪುನ್ನ ಒಬ್ಬುನ್ನೇ ತಗ್ದು ದೊಡ್ಡದು ಮಾಡ್ಕೊಡಿ, ತಿಥಿಗೆ ಬೇಕು" ಅನ್ನುತ್ತಿದ್ದರು. ನಾನು ಆ ತಲೆಯನ್ನು ಕತ್ತರಿಸಿ, ಇನ್ಯಾರದೋ ಕೋಟಿನ ಮೇಲೆ ಕೂರಿಸಿ, ಅಂಚನ್ನು ಬ್ರಶ್ಶಿನಲ್ಲಿ ತೀಡಿ ಕೊಡುತ್ತಿದ್ದೆ. ಬದುಕಿದ್ದಾಗ ನೆಟ್ಟಗೆ ಅಂಗಿ ಕಾಣದ ಎಷ್ಟೋ ಮುದುಕರಿಗೆ ಸತ್ತ ಮೇಲೆ ಕೋಟು ತೊಡಿಸಿದವನು ನಾನು. ಫೋಟೋ ಸುಳ್ಳು ಹೇಳುತ್ತದೆ ಅನ್ನೋದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು, ನೀವೇ ಹೇಳಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಜಾಹೀರಾತಿನ ಕೆಲಸ ಮಾಡುತ್ತಿದ್ದ ಪ್ರಕಾಶ ಅನ್ನುವ ಗೆಳೆಯ ಒಂದು ಛತ್ರಿ ಕಂಪನಿಯ ಪೋಸ್ಟರಿನ ಕೆಲಸ ಹಿಡಿದಿದ್ದ. ಆಗೆಲ್ಲ ಜಾಹೀರಾತು ಅಂದರೆ ಒಬ್ಬ ಹೆಂಗಸು ನಗುತ್ತಾ ಸಾಮಾನು ಹಿಡಿದು ನಿಂತರೆ ಮುಗಿಯಿತು. ಇವನದು ಬೇರೆಯೇ ತಲೆ. "ಬೀದಿ ತುಂಬ ಬಿಚ್ಚಿದ ಛತ್ರಿ ಇರ್ಬೇಕು. ನೆಲದ ಮೇಲೆ ಚಪ್ಪಲಿ ಇರ್ಬೇಕು. ಮಧ್ಯ ಮನುಷ್ಯನೇ ಇರಬಾರದು. ನೋಡಿದೋರು ಬೆಚ್ಚಿ ನಿಲ್ಬೇಕು ಕಣಯ್ಯ" ಅಂದ. ಎಲಾ ಇವನ, ಅಂದುಕೊಂಡೆ. ಆದರೆ ಪಾಸ್‌ಪೋರ್ಟ್ ಸೈಜು ತೆಗೆದೂ ತೆಗೆದೂ ನನಗೂ ಬೇಜಾರು ಹಿಡಿದಿತ್ತು. ಒಪ್ಪಿಕೊಂಡೆ.

ಶ್ರೀರಂಗಪಟ್ಟಣದ ಒಂದು ಹಳೇ ಬೀದಿ ಆರಿಸಿದೆವು. ಈ ಕಡೆ ಮನೆಯಿಂದ ಆ ಕಡೆ ಮನೆಗೆ ತೆಳ್ಳನೆಯ ನೈಲಾನ್ ದಾರ ಕಟ್ಟಿ ಕಂಪನಿಯ ಛತ್ರಿಗಳನ್ನು ಆಳೆತ್ತರಕ್ಕೆ ತೂಗುಬಿಟ್ಟೆವು. ಆಮೇಲೆ ನೋಡಿದರೆ ಚಪ್ಪಲಿಯೇ ತಂದಿಲ್ಲ! ಪ್ರಕಾಶ ತರುತ್ತಾನೆ ಅಂತ ನಾನು, ನಾನು ತರುತ್ತೇನೆ ಅಂತ ಅವನು. ದಾರ ಕಟ್ಟಿದ್ದ ಮನೆಯ ಶಾಸ್ತ್ರಿಗಳು ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವವರಿಗೆ ಕರ್ಮ ಮಾಡಿಸುವವರು. ನಮ್ಮ ಪೇಚಾಟ ನೋಡಿ, "ನಮ್ಮ ನಡುಮನೇಲಿ ರಾಶಿ ಬಿದ್ದಿವೆ, ತಗೊಳ್ಳಿ. ಆಮೇಲೆ ಇದ್ದಲ್ಲೇ ತಂದಿಡಿ" ಅಂದರು. ಸತ್ತವರ ಹೆಸರಿನಲ್ಲಿ ಛತ್ರಿ, ಚಪ್ಪಲಿ ದಾನ ಕೊಡುವುದು ನಮ್ಮ ಕಡೆ ಇದೆಯಲ್ಲ, ಅವು. ಸತ್ತವರು ನಡೆಯುವ ದಾರಿ ಸುಡುವ ಮರಳಂತೆ, ಕಾಲು ಸುಡಬಾರದು ಅಂತ ಕೊಡುವುದು. ನನಗೆ ಅದೂ ನಗುವ ಸಂಗತಿಯೇ ಆಗಿತ್ತು. ಒಳ್ಳೆಯದಾಯಿತು, ಯಾರೂ ಮೆಟ್ಟದ ಚಪ್ಪಲಿ, ಅಂತ ತಂದು ಒಂದೊಂದು ಛತ್ರಿಯ ಕೆಳಗೆ ಒಂದೊಂದು ಜೊತೆ ಜೋಡಿಸಿದೆವು. ಜನ ನಮ್ಮ ಎದುರಿಗೇ ನಡೆದು ಬರುತ್ತಿರುವ ಹಾಗೆ ಕಾಣಲಿ ಅಂತ ಪ್ರಕಾಶ ಎಲ್ಲದರ ಮೂತಿಯನ್ನೂ ಕ್ಯಾಮೆರಾದ ಕಡೆಗೇ ತಿರುಗಿಸಿದ.

ಇನ್ನೂ ಬಿಸಿಲು ಬಿದ್ದಿರಲಿಲ್ಲ. ಬೆಳಕು ಕಡಿಮೆ ಇದ್ದದ್ದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಶಟರನ್ನು ಸ್ವಲ್ಪ ಹೊತ್ತು ತೆರೆದೇ ಬಿಡಬೇಕಿತ್ತು. ಬೀದಿಯ ಆ ತುದಿಯಲ್ಲಿ ಪ್ರಕಾಶ ಜನರನ್ನು ತಡೆದು ನಿಂತಿದ್ದ, ಈ ತುದಿಯಲ್ಲಿ ನಾನೇ ಇದ್ದೆ. ಶಾಸ್ತ್ರಿಗಳು ಜಗಲಿ ಬಿಟ್ಟು ಕದಲಲಿಲ್ಲ. ಗಾಳಿ ಇರಲಿಲ್ಲ. ಒಂದು ನಾಯಿಯೂ ಅಡ್ಡ ಬರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅವತ್ತು ಮಧ್ಯಾಹ್ನವೇ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದೆ. ಎಲ್ಲ ಸರಿಯಾಗಿಯೇ ಬಂದಿತ್ತು. ಒಂದೇ ಒಂದು ಚಿತ್ರದಲ್ಲಿ ಮಾತ್ರ, ನಡುವಿನ ಛತ್ರಿಯ ಕೆಳಗಿನ ಚಪ್ಪಲಿಯಲ್ಲಿ, ಎರಡು ಪಾದಗಳಿದ್ದವು. ಕಾಲಿನ ಹರಡಿನವರೆಗೆ ಸ್ಪಷ್ಟ, ಅದರ ಮೇಲೆ ಏನೂ ಇಲ್ಲ. ಧೂಳು ಮೆತ್ತಿದ, ಹೊಲದಲ್ಲಿ ದುಡಿದ ಗಂಡಸಿನ ಪಾದ. ಫಿಲಂ ತಿರುಗಿಸಿ ತಿರುಗಿಸಿ ದೀಪಕ್ಕೆ ಹಿಡಿದು ನೋಡಿದೆ. ಆಮೇಲೆ ನಾನೇ ಸಮಾಧಾನ ಹೇಳಿಕೊಂಡೆ. ಶಟರ್ ತೆರೆದಿದ್ದಾಗ ಯಾರಾದರೂ ನಡೆದು ಹೋದರೆ ಅಲ್ಲಾಡುವ ಮೈ ಅಳಿಸಿಹೋಗಿ, ನೆಲಕ್ಕೂರಿದ ಪಾದ ಮಾತ್ರ ಉಳಿಯುವುದುಂಟು. ಯಾರೋ ಹಾದು ಹೋಗಿರಬೇಕು. ಆದರೆ ಹಾದು ಹೋಗುವವನು ಅಷ್ಟು ಹೊತ್ತು ಆ ಚಪ್ಪಲಿ ಮೆಟ್ಟಿಕೊಂಡು ಯಾಕೆ ನಿಲ್ಲುತ್ತಾನೆ ಅಂತ ಕೇಳಿಕೊಳ್ಳಲು ನನಗೆ ಇಷ್ಟವಾಗಲಿಲ್ಲ.

ಪ್ರಕಾಶ ಅದನ್ನು ಕಂಡು ಕುಣಿದಾಡಿಬಿಟ್ಟ. "ಗುರುವೇ, ಇದನ್ನ ಹೆಂಗಯ್ಯ ಮಾಡಿದೆ?" ಅಂದ. ನಾನು ಮಾಡಿಲ್ಲ ಅಂದರೆ ನಂಬಲಿಲ್ಲ. ಅದೇ ಪೋಸ್ಟರಾಯಿತು. ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ, ಎಲ್ಲ ಕಡೆ ಬಸ್ ಸ್ಟ್ಯಾಂಡಿನ ಗೋಡೆಗಳಿಗೆ ಅಂಟಿತು. ಕಡಲೇಕಾಯಿ ತಿನ್ನುತ್ತಾ ಜನ ನಿಂತು ನೋಡುತ್ತಿದ್ದರು. "ಅವ್ನೆಲ್ಲಿ ಓದ್ನಲಾ ಬರೀ ಕಾಲ್ ಬುಟ್ಟು?" ಅಂತ ನಗುತ್ತಿದ್ದರು. ನಾನೂ ಜಂಬದಿಂದ ಒಂದನ್ನು ನನ್ನ ಸ್ಟುಡಿಯೋದ ಬಾಗಿಲಿಗೆ ಹಚ್ಚಿದೆ.

ಒಂದು ಸಂತೆಯ ದಿನ, ಐವತ್ತು ದಾಟಿದ ಹೆಂಗಸೊಬ್ಬಳು ಆ ಬಾಗಿಲ ಮುಂದೆ ನಿಂತವಳು ನಿಂತೇ ಇದ್ದಳು. ಗಿರಾಕಿಗಳು ಬಂದರು, ಹೋದರು. ಅವಳು ಅಲ್ಲಾಡಲಿಲ್ಲ. ಕೊನೆಗೆ ನಾನೇ ಹೊರಗೆ ಬಂದು ಏನವ್ವ ಅಂದೆ.

"ಈ ಕಾಲು ಯಾರ್ದಪ್ಪ?" ಅಂದಳು.

ಯಾರದೂ ಅಲ್ಲ ಕಣವ್ವ, ಕ್ಯಾಮೆರಾದ ಆಟ, ಅಂದೆ. ಅವಳು ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಠದ ಹತ್ತಿರ ಬೆರಳಿಟ್ಟು, "ಈ ಬಿಳೀ ದಾರದ ಒಲ್ಗೆ ನಾನು ಕಂಡಿವ್ನಿ" ಅಂದಳು.

ಒಳಗೆ ಕೂರಿಸಿ ನೀರು ಕೊಟ್ಟೆ. ಹೆಸರು ಜವರಮ್ಮ, ನಾಗಮಂಗಲದ ದಾರಿಯಲ್ಲಿ ಒಂದು ಹಳ್ಳಿ. ಮಗ ಚಂದ್ರ, ಪಾಂಡವಪುರದ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಬರಿಗಾಲಲ್ಲೇ ಬೆಳೆದವನು. ತಂಗಿಯ ಮದುವೆಗೆ ಅಂತ ಮೊದಲ ಸಲ ಚಪ್ಪಲಿ ತಂದ. ಮದುವೆ ಮನೆಯಲ್ಲಿ ಅದಲುಬದಲಾಗದಿರಲಿ ಅಂತ ಗುರುತಿಗೆ ಬಿಳಿ ದಾರ ಹಾಕಿಸಿ, ಅಟ್ಟದ ಮೇಲೆ ಇಟ್ಟ. ಮದುವೆಗೆ ಮುಂಚೆಯೇ ಇಳಿಜಾರಿನಲ್ಲಿ ಗಾಡಿ ಮಗುಚಿ ಹೋಗಿಬಿಟ್ಟ. ಕಾಲಲ್ಲಿ ಏನೂ ಇರಲಿಲ್ಲ. ಮಗ ಆಸೆಪಟ್ಟು ತಂದಿದ್ದು ಮಗನಿಗೇ ಸೇರಲಿ ಅಂತ ಇವಳು ಅದನ್ನೇ ಶ್ರೀರಂಗಪಟ್ಟಣದಲ್ಲಿ ದಾನ ಕೊಟ್ಟಳು. ಅವನದನ್ನೇ ಕೊಟ್ಟರೆ ದಾನ ಹೇಗಾಗುತ್ತದೆ, ಹೊಸದು ಕೊಂಡು ಕೊಡಬೇಕಿತ್ತು, ಅದು ಮುಟ್ಟುವುದಿಲ್ಲ, ಅಂತ ಮೈದುನ ಅಂದನಂತೆ. ಆ ಒಂದು ಮಾತು ಅವಳನ್ನು ತಿಂದುಹಾಕುತ್ತಿತ್ತು. ಕಣ್ಣು ಮುಚ್ಚಿದರೆ ಮಗ ಬರಿಗಾಲಲ್ಲಿ ಸುಡು ನೆಲದ ಮೇಲೆ ಕಾಲೆತ್ತಿ ಕಾಲೆತ್ತಿ ಇಡುತ್ತಾ ಕಾಣುತ್ತಿದ್ದನಂತೆ.

"ಇವ್ನು ನಮ್ ಚಂದ್ರನೇ ಅನ್ನಾನ ಅಂದ್ರೆ, ಎಡಗಾಲ್ ಮ್ಯಾಲೆ ಕುಡ್ಲು ಏಟು ಇರ್ಬೇಕಿತ್ತು ಕಣಪ್ಪ. ಇದ್ರಲ್ಲಿ ಇಲ್ವಲ್ಲ" ಅಂದಳು. ಕಬ್ಬು ಕಡಿಯುವಾಗ ಕುಡುಗೋಲು ತಾಗಿದ ಗಾಯವಂತೆ.

ಪೋಸ್ಟರಿಗೆ ಕೊಡುವ ಮುಂಚೆ ಪ್ರಿಂಟಿನಲ್ಲಿ ಎಡಪಾದದ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೀರು ಬಿದ್ದಿತ್ತು. ಧೂಳು ಕೂತದ್ದು ಅಂತ ನಾನೇ ಬ್ರಶ್ಶಿನಲ್ಲಿ ತುಂಬಿ ಮುಚ್ಚಿದ್ದೆ. ಯಾವ ಸ್ಟುಡಿಯೋದವನಾದರೂ ಮಾಡುವ ಕೆಲಸ ಅದು. ಒಳಗೆ ಹೋಗಿ ಟಚಪ್ ಮಾಡದ ಪ್ರಿಂಟು ಹುಡುಕಿ ತಂದೆ. ಕೊಡಬೇಕೋ ಬೇಡವೋ ಅಂತ ಬಾಗಿಲಲ್ಲೇ ನಿಂತೆ. ಕೊಟ್ಟೆ.

ಜವರಮ್ಮ ಅದನ್ನು ಬೆಳಕಿಗೆ ಹಿಡಿದು ಎಡಗಾಲಿನ ಗೀರಿನ ಮೇಲೆ ಬೆರಳಾಡಿಸಿದಳು. "ಮೆಟ್ಕಂಡವ್ನೆ" ಅಂದಳು. "ಮುಟ್ಟೈತೆ ಕಣಪ್ಪ. ನನ್ ಮಗ ಮೆಟ್ಕಂಡವ್ನೆ." ಅಷ್ಟು ನೆಮ್ಮದಿ ತುಂಬಿದ ಮುಖವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆದರೆ ಅದು ನಿಲ್ಲಲಿಲ್ಲ. ನೋಡನೋಡುತ್ತಾ ಮುಖ ಇಳಿದುಹೋಯಿತು. "ಅಯ್ಯೋ ಶಿವನೇ, ಈ ಕಡೀಕೆ ಬತ್ತಾವ್ನಲ್ಲ. ಆ ಕಡೀಕಲ್ವ ಓಗ್ಬೇಕಿದ್ದುದು? ನಾನೇ ದಿನಾ ಅತ್ತು ಅತ್ತು ಇಂದುಕ್ಕೆ ಕರೀತಾ ಇವ್ನಿ."

ನನಗೆ ಸಂಕಟ ತಡೆಯಲಾಗಲಿಲ್ಲ. ಹಾಗಲ್ಲ ಕಣವ್ವ, ಫೋಟೋಕ್ಕೆ ಚೆನ್ನಾಗಿ ಕಾಣಲಿ ಅಂತ ನಾವೇ ಚಪ್ಪಲಿಯನ್ನು ಈ ಕಡೆ ತಿರುಗಿಸಿ ಇಟ್ಟಿದ್ದೆವು, ಅಂದೆ.

"ಚಪ್ಲಿ ನೀವ್ ಇಟ್ರಿ, ಸರಿ" ಅಂದಳು. "ಕಾಲ್ನ?"

ನಾನು ಮಾತು ತಿರುಗಿಸಿದೆ. ಚಂದ್ರನ ಬೇರೆ ಫೋಟೋ ಇದೆಯೇ ಅಂತ ಕೇಳಿದೆ. ಬದುಕಿದ್ದಾಗ ಒಂದನ್ನೂ ತೆಗೆಸಿರಲಿಲ್ಲವಂತೆ, ಯಾವ ಗ್ರೂಪಿನಲ್ಲೂ ಇಲ್ಲವಂತೆ. ಹಾಗಾದರೆ ಇದನ್ನೇ ಇಟ್ಟುಕೋ ಅವ್ವ, ಕಟ್ಟು ಹಾಕಿಸಿ ಕೊಡುತ್ತೇನೆ, ಅಂದೆ. ಅವಳ ಕೈ ಬಿಗಿಯಾಯಿತು. ಬೇಕು ಅಂತಲೇ ಇತ್ತು ಆ ಕೈಗೆ. ಆದರೂ ಸೆರಗಿನ ತುದಿಯಿಂದ ಚಿತ್ರದ ಪಾದಗಳನ್ನು ಒಂದು ಸಲ ಒರೆಸಿ, ಮೇಜಿನ ಮೇಲೆ ಇಟ್ಟುಬಿಟ್ಟಳು.

"ಬ್ಯಾಡ ಕಣಪ್ಪ. ಮನೇಲಿಟ್ಕಂಡ್ರೆ ಅಲ್ಲೇ ನಿಂತ್ಕಬುಡ್ತಾನೆ. ಓಗ್ಲಿ." ಆಮೇಲೆ ಚಿತ್ರದ ಕಡೆಗೇ ನೋಡಿ, ಮಗನನ್ನು ಕೆಲಸಕ್ಕೆ ಕಳಿಸುವವಳ ದನಿಯಲ್ಲಿ, "ಓಗ್ಲಾ ಮಗ. ನಾನ್ ಅಳಕಿಲ್ಲ, ಓಗು" ಅಂದಳು. ನಾಗಮಂಗಲದ ಬಸ್ಸು ಹತ್ತುವವರೆಗೂ ಅವಳು ಅಳಲಿಲ್ಲ. ಬಾಗಿಲು ಹಾಕಿಕೊಂಡು ನಾನು ಅತ್ತೆ.

ಎಷ್ಟೋ ಜನರನ್ನು ಕೇಳಿದ್ದೇನೆ. ಯಾರೋ ನುಗ್ಗಿರಬೇಕು ಅಂತ ಪ್ರಕಾಶ ಈಗ ಹೇಳುತ್ತಾನೆ, ಅವತ್ತು ಬೀದಿ ಕಾದವನು ಅವನೇ. ಆ ಪಾದ ಯಾರದು, ಎಲ್ಲಿಂದ ಬಂತು, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಲೋಕದಲ್ಲಿ ಮಗನದು ಅಂತ ಇದ್ದ ಒಂದೇ ಒಂದು ಫೋಟೋವನ್ನು ಆ ತಾಯಿ ನನ್ನ ಮೇಜಿನ ಮೇಲೆ ಬಿಟ್ಟು ಹೋದಳು.