ದ್ಯಾವಮ್ಮನ ಟೇಪು, ಬೆಳ್ಳಿಯ ಉಡಿದಾರ

ಬೆಳಗಿನ ಆರು ಗಂಟೆ. ಹಳೇಬೀಡಿನ ಸಮುದಾಯ ಭವನದ ಜಗಲಿಯಲ್ಲಿ ಖಾಲಿ ಹೊಟ್ಟೆಯ ಎಪ್ಪತ್ತು ಮಂದಿ ಸಾಲಾಗಿ ನಿಂತಿದ್ದಾರೆ. ಪರೀಕ್ಷೆಗೆ ರಕ್ತ ಕೊಡುವ ಮೊದಲು ಎಲ್ಲರೂ ದ್ಯಾವಮ್ಮನವರನ್ನು ದಾಟಬೇಕು. ಕೈಯಲ್ಲಿ ಟೇಪು, ಪಕ್ಕದಲ್ಲಿ ತೂಕದ ಯಂತ್ರ. ಸೊಂಟದ ಸುತ್ತಳತೆ ಎಂದೊಡನೆ ಗಂಡಸರೆಲ್ಲ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ನಾನೂ ಎಳೆದುಕೊಳ್ಳುತ್ತೇನೆ.

“ಮನೆದೇವ್ರ ಹೆಸ್ರು ಜೋರಾಗಿ ಹೇಳಿ ಸ್ವಾಮಿ” ಎನ್ನುತ್ತಾರೆ. ಹೇಳುತ್ತೇನೆ, ಉಸಿರಿನ ಜೊತೆ ಹೊಟ್ಟೆಯೂ ಆಚೆ ಬರುತ್ತದೆ. “ತೊಂಬತ್ತಾರು ಸೆಂಟಿಮೀಟ್ರು. ಇದು ನಿಜ್ವಾದ್ದು.” ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ. ಸಾಲಿನವರು ನಗುತ್ತಾರೆ, ನನಗೂ ನಗದೆ ವಿಧಿಯಿಲ್ಲ.

ಕಣಕಟ್ಟೆಯ ದ್ಯಾವಮ್ಮ ಓದಿದ್ದು ಏಳನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಅರಸೀಕೆರೆಯ ಲ್ಯಾಬೊಂದರಲ್ಲಿ ಕಸ ಗುಡಿಸಲು ಸೇರಿದರು, ಹದಿನಾಲ್ಕು ವರ್ಷವಾಯಿತು. ಮೂರು ವರ್ಷದ ಹಿಂದೆ, 2002ರಲ್ಲಿ, ಲ್ಯಾಬಿನ ಡಾಕ್ಟರು ತಪಾಸಣಾ ಶಿಬಿರ ಶುರುಮಾಡಿದಾಗ ಟೇಪು ಹಿಡಿಯಲು ಬೇರೆ ಯಾರೂ ಮುಂದೆ ಬರಲಿಲ್ಲ. ಹೆಂಗಸು ಗಂಡಸರ ಸೊಂಟ ಅಳೆಯುವುದೇ ಎಂದು ಜನ ಆಡಿಕೊಂಡರು. “ಮೊದ್‌ಮೊದ್ಲು ನಂಗೂ ನಾಚ್ಕೆ. ಆಮೇಲೆ ಟೇಪು ನೀವೇ ಸುತ್ಕಳಿ, ನಾನು ನೋಡ್ತೀನಿ ಅಂದೆ. ಸಲೀಸಾಯ್ತು.” ಈಗ ತಿಂಗಳಿಗೆ ನಾಲ್ಕು ಶಿಬಿರ, ಮುನ್ನೂರು ಸೊಂಟ.

ಸುತ್ತಳತೆ, ತೂಕ, ಸಕ್ಕರೆ, ರಕ್ತದ ಕೊಬ್ಬು ಒಟ್ಟಿಗೆ ಏರಿದ್ದರೆ ಲಿವರಿನಲ್ಲೂ ಕೊಬ್ಬು ಕೂತಿರುವ ಸಂಭವ ಹೆಚ್ಚು, ಕುಡಿಯದವರಲ್ಲೂ. ಅಂಥ ಕಾರ್ಡಿಗೆ ಡಾಕ್ಟರು ಕೆಂಪು ಗೆರೆ ಎಳೆದು ಸ್ಕ್ಯಾನಿಂಗಿಗೆ ಕಳಿಸುತ್ತಾರೆ. ದ್ಯಾವಮ್ಮನವರದು ಇನ್ನೊಂದು ಪ್ರಶ್ನೆ: ಉಡಿದಾರ ಯಾವಾಗ ಸಡಿಲ ಮಾಡಿದಿರಿ? ಅದಕ್ಕೆ ಸಿಕ್ಕಿಬಿದ್ದವರು ಕೊಬ್ಬರಿ ವ್ಯಾಪಾರಿ ಜಿನಪ್ರಸಾದ್. ಅವರ ಬೆಳ್ಳಿಯ ಉಡಿದಾರಕ್ಕೆ ಅಕ್ಕಸಾಲಿಗ ಎರಡು ವರ್ಷದಲ್ಲಿ ಐದು ಕೊಂಡಿ ಸೇರಿಸಿದ್ದ. ಅದನ್ನು ಅವರು ಏಳಿಗೆ ಎಂದುಕೊಂಡಿದ್ದರು. ಕಾರ್ಡಿಗೆ ಕೆಂಪು ಗೆರೆ ಬಿತ್ತು.

ಜಿನಪ್ರಸಾದ್ ಕತ್ತಲಾದ ಮೇಲೆ ಊಟವನ್ನೇ ಮಾಡದ ಜೈನರು. ಊರವರ ಲೆಕ್ಕದಲ್ಲಿ ಲಿವರ್ ತೊಂದರೆ ಎಂದರೆ ಕುಡುಕರ ಕಾಯಿಲೆ. ಮಗಳು ಬ್ರಾಹ್ಮಿಯ ಮದುವೆ ಮಾತುಕತೆ ಬೇರೆ ನಡೆದಿತ್ತು. ಹೇಗೋ ಒಪ್ಪಿಸಿ ದ್ಯಾವಮ್ಮ ಅವರನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದರೆ, ಬೆಂಚಿನ ಮೇಲೆ ಪರಿಚಯದವರನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. “ಬೀಗರಿಗೆ ಗೊತ್ತಾದ್ರೆ ಮದುವೆ ಮುರಿದುಬೀಳುತ್ತೆ ಕಣಮ್ಮ.”

ದ್ಯಾವಮ್ಮನವರ ಕಾರ್ಡಿಗೂ ಕೆಂಪು ಗೆರೆ ಬಿದ್ದು ಆರು ತಿಂಗಳಾಗಿತ್ತು, ಪುರುಸೊತ್ತಿಲ್ಲವೆಂದು ಮುಂದೂಡಿದ್ದರು. ಆವತ್ತು ಮೊದಲು ತಾವೇ ಒಳಗೆ ಹೋಗಿ ಮಲಗಿದರು. ಹೊರಬಂದು ಬೆಂಚಿಗೆಲ್ಲ ಕೇಳುವಂತೆ ಹೇಳಿದರು: “ನನ್ ಲಿವರಲ್ಲಿ ಕೊಬ್ಬೈತಂತೆ. ಹೆಂಡದ ವಾಸ್ನೆನೂ ಕಂಡೋಳಲ್ಲ ನಾನು. ಹೋಗಿ ಸ್ವಾಮಿ, ಈಗ ನಿಮ್ದು.”

ಜಿನಪ್ರಸಾದ್ ಹೋದರು. ಅವರ ಲಿವರಿನಲ್ಲೂ ಕೊಬ್ಬಿತ್ತು, ಪಥ್ಯ ಮತ್ತು ನಡಿಗೆಯಲ್ಲೇ ಇಳಿಸಬಹುದಾದಷ್ಟು. ಇದನ್ನು ಕೇಳುವಾಗ ನನಗೆ ಕಣ್ಣು ತುಂಬಿ ಬರುತ್ತದೆ. ತನ್ನ ಹೆಸರನ್ನು ಹೀಗೆ ಬೆಂಚಿನ ಮುಂದೆ ಇಡುವ ಧೈರ್ಯ ನನಗಂತೂ ಇಲ್ಲ.

ನಿಶ್ಚಿತಾರ್ಥದ ದಿನ ಜಿನಪ್ರಸಾದ್ ತಾವೇ ಬೀಗರಿಗೆ ವಿಷಯ ಹೇಳಿದರಂತೆ. ಗಂಡಿನ ತಂದೆ ಬ್ರಹ್ಮದೇವ, “ಮುಂದಿನ ಶಿಬಿರ ಯಾವಾಗ?” ಎಂದರಂತೆ. ಇವತ್ತಿನ ಸಾಲಿನಲ್ಲಿ ಮೂರನೆಯವರು ಅವರೇ.

ಮದುವೆ ಮುಂದಿನ ತಿಂಗಳು. ಜಿನಪ್ರಸಾದ್ ಕಣಕಟ್ಟೆಯ ಮನೆಗೇ ಹೋಗಿ ದ್ಯಾವಮ್ಮನವರನ್ನು ಮದುವೆಗೆ ಕರೆದು ಬಂದಿದ್ದಾರೆ.

“ಹೋಗ್ದೆ ಇರ್ತೀನಾ? ಆದ್ರೆ ಹೋಳಿಗೆ ನಂಗೊಂದೇ. ಅವ್ರಿಗೂ ಒಂದೇ ಅಂತ ಹೇಳಿವ್ನಿ.”