ಕೊಬ್ಬರಿಯ ಸದ್ದು ಕೇಳುವ ಪೆಟ್ಟಿಗೆ

1993ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು ಕೊಬ್ಬರಿ ವ್ಯಾಪಾರಕ್ಕೆ ಇಳಿದವನು ನಾನು. ಈ ವರ್ಷ ತುಮಕೂರಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಯಂತ್ರ ಪ್ರದರ್ಶನಕ್ಕೆ ಗುಬ್ಬಿಯ ಒಣಗಾಯಿ ಒಂದು ಚೀಲ ಕೊಡಲು ಹೋಗಿದ್ದೆ. ಕುಣಿಗಲ್ಲಿನ ಹುಡುಗಿಯೊಬ್ಬಳು ಮಾಡಿದ ಪೆಟ್ಟಿಗೆ ಕಾಯಿಯನ್ನು ಕುಲುಕಿ ಸದ್ದು ಕೇಳುತ್ತಿತ್ತು. ಒಳಗಿನ ಕೊಬ್ಬರಿ ಚೆನ್ನಾಗಿದ್ದರೆ ಹಸಿರು ದೀಪ, ಕೊಳೆತಿದ್ದರೆ ಕೆಂಪು. ನಾವಾದರೆ ಕಿವಿಯ ಹತ್ತಿರ ಹಿಡಿದು ಕುಲುಕಿಯೇ ಹೇಳಿಬಿಡುತ್ತೇವೆ.

ತೀರ್ಪುಗಾರರ ಮುಂದೆ ನಾನೇ ಆರಿಸಿ ಕೊಟ್ಟ ಕಾಯಿಗೆ ಕೆಂಪು ದೀಪ ಹತ್ತಿತು.

“ಇದು ಚಿನ್ನದಂಥ ಕೊಬ್ಬರಿ ಕಣಮ್ಮ. ನಿನ್ನ ಪೆಟ್ಟಿಗೆಗೆ ಕಿವಿ ಕೇಳ್ಸಲ್ಲ,” ಎಂದೆ. ಸುತ್ತಲಿದ್ದವರು ನಕ್ಕರು. ಅವಳು ಮಾತ್ರ ನಗಲಿಲ್ಲ.

“ಒಡ್ದು ನೋಡೇಬುಡಿ ಅಂಕಲ್.”

ಒಡೆದೆ. ಒಳಗೆಲ್ಲ ಕಪ್ಪಾಗಿತ್ತು.

“ನಮ್ಮಪ್ಪನೂ ಹಿಂಗೇ ಕಾಯಿ ಕುಲುಕಿ ಆರ್ಸೋ ಕೆಲ್ಸ ಮಾಡ್ತಿದ್ರು. ಕಿವಿ ಮಂದ ಆದ್ಮೇಲೆ ಯಾರೂ ಕರೀತಿಲ್ಲ. ದೀಪ ಆದ್ರೆ ಕಣ್ಣಿಗೆ ಕಾಣ್ತದಲ್ಲ ಅಂತ ಇದ್ನ ಮಾಡ್ದೆ,” ಎಂದಳು.

ಅಪ್ಪನ ಅನ್ನಕ್ಕೆ ದಾರಿ ಮಾಡಿದ ಆ ಓದಿಗೆ ಮನಸ್ಸಿನಲ್ಲೇ ಕೈಮುಗಿದೆ. ಈಗ ನನಗಿರುವುದು ಒಂದು ಗೋದಾಮು, ಒಂದು ಟೆಂಪೊ, ಏಳು ಜನ ಕೆಲಸದವರು. ಏಳನೆಯವರು ಬೆಳಗಿನ ಬಸ್ಸಿಗೆ ಪೆಟ್ಟಿಗೆ ಹಿಡಿದು ಬರುವ ಅವಳ ಅಪ್ಪ.