ಮಂಗಳವಾರದ ಕಂಡಕ್ಟರ್

ಕಳೆದ ಮಾಘದ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕಂಡಕ್ಟರ್ ಚನ್ನಗಿರಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಹೃದಯಾಘಾತ. ವಯಸ್ಸು ಐವತ್ತೆರಡು. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಬಲಗಿವಿಯ ಮೇಲ್ತುದಿ ಸ್ವಲ್ಪ ಹೊರಕ್ಕೆ ಬಾಗಿತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದರು, ಆಮೇಲೆ ಆರು ವರ್ಷ ಬಾಚಣಿಗೆ.

ನಾನು ದಾವಣಗೆರೆಯ ಒಂದು ಪತ್ರಿಕೆಗೆ ಚನ್ನಗಿರಿಯ ವರದಿಗಾರ. ಫೋನಿನಲ್ಲೇ ಸುದ್ದಿ ಕಳಿಸುವ ಕಾಲ ಬರುವವರೆಗೆ ನನ್ನ ಕವರು ದಿನವೂ ಮಧ್ಯಾಹ್ನದ ಖಾಸಗಿ ಬಸ್ಸಿನಲ್ಲಿ ಅವರ ಕೈಯಲ್ಲೇ ಹೋಗುತ್ತಿತ್ತು. ಒಂದು ದಿನವೂ ಕಳೆದುಹೋಗಲಿಲ್ಲ. ನಾನು ಓಡಿ ಬರುವುದು ಕಂಡರೆ, “ತಡೀರಿ, ಸಾಹೇಬ್ರ ಸುದ್ದಿ ಇನ್ನೂ ಬೆಂದಿಲ್ಲ” ಎಂದು ಪ್ರಯಾಣಿಕರಿಗೆ ಹೇಳಿ ಅರ್ಧ ನಿಮಿಷ ಬಸ್ಸು ನಿಲ್ಲಿಸುತ್ತಿದ್ದರು. ಅರ್ಧ ನಿಮಿಷ ಮಾತ್ರ. ಒಮ್ಮೆ ಅದಕ್ಕೂ ತಡವಾದಾಗ ಬಸ್ಸಿನ ಹಿಂದೆ ಓಡಿದವನು ನಾನೇ.

ಅವರಿಗೆ ಒಬ್ಬನೇ ಮಗ. ಆಟಿಸಂ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಭಾನುವಾರ ಅಪ್ಪನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಿಟಕಿ ಸೀಟು ಅವನದು. ಚನ್ನಗಿರಿ ಬಿಟ್ಟರೆ ನಲ್ಲೂರು, ಕತ್ತಲಗೆರೆ, ತ್ಯಾವಣಿಗೆ, ಕುಕ್ಕುವಾಡ, ಹದಡಿ, ದಾವಣಗೆರೆ. ಅಪ್ಪ ಕೂಗಿದ ಸ್ಟಾಪನ್ನು ತುಟಿ ಅಲ್ಲಾಡಿಸಿ ತಾನೂ ಹೇಳಿಕೊಳ್ಳುತ್ತಿದ್ದ.

ತಲೆ ಮುಟ್ಟಿದರೆ ಮಾತ್ರ ಆಗುತ್ತಿರಲಿಲ್ಲ. ಮಶೀನಿನ ಸದ್ದು, ಸಲೂನಿನ ಟಿವಿ, ಕಾಯುತ್ತ ಕೂತ ಜನ, ಯಾವುದನ್ನೂ ತಾಳುತ್ತಿರಲಿಲ್ಲ. ಎರಡು ತಿಂಗಳಿಗೊಮ್ಮೆ ನಾಲ್ಕು ಜನ ಹಿಡಿದುಕೊಂಡು ಕೂದಲು ತೆಗೆಸುತ್ತಿದ್ದರು. ಆ ನಾಲ್ವರಲ್ಲಿ ಒಬ್ಬ ಕಂಡಕ್ಟರರ ಅಣ್ಣ. ಹುಡುಗನಿಗೆ ಹನ್ನೊಂದು ತುಂಬುವ ಹೊತ್ತಿಗೆ ಕಂಡಕ್ಟರರ ಹೆಂಡತಿಯ ಬೆನ್ನುಮೂಳೆಯ ಡಿಸ್ಕ್ ಜಾರಿತು. ಮಗನನ್ನು ಸ್ನಾನಕ್ಕೆ ಕರೆದೊಯ್ಯುವುದೂ ಅವರಿಂದ ಆಗದಾಯಿತು. ಕಂಡಕ್ಟರ್ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ರಾತ್ರಿ ಬರುವಾಗ ಹುಡುಗ ನಿದ್ದೆ ಹೋಗಿರುತ್ತಿದ್ದ. ಅದೇ ವರ್ಷ ಮಾಲೀಕರು ಬಸ್ಸು ಮಾರುವುದಾಗಿ ಹೇಳಿದರು.

ಬಸ್ಸಿನ ಕೊನೆಯ ಭಾನುವಾರ ನಾನೂ ಅದರಲ್ಲಿದ್ದೆ. ಕಂಡಕ್ಟರ್ ಜೇಬಿನಲ್ಲಿ ಸಣ್ಣ ಕತ್ತರಿ ಇಟ್ಟುಕೊಂಡು ಬಂದಿದ್ದರು. ನಲ್ಲೂರಿನಲ್ಲಿ ಬಸ್ಸು ನಿಂತಿತು. “ನಲ್ಲೂರು” ಎಂದು ಕೂಗಿ, ಜನ ಇಳಿಯುವಷ್ಟರಲ್ಲಿ ಮಗನ ಹಿಂದಲೆಯಿಂದ ಒಂದು ಗುಪ್ಪೆ ಕೂದಲು ತೆಗೆದರು. ಹುಡುಗ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಕತ್ತಲಗೆರೆಯಲ್ಲಿ ಇನ್ನೊಂದು. ತ್ಯಾವಣಿಗೆಯಲ್ಲಿ ಹತ್ತಿದ ಅಜ್ಜಿ ಕೇಳಿದಳು, “ಏನಪ್ಪ, ಬಸ್ಸಿನಾಗೇ ಕ್ಷೌರದಂಗಡಿ ಇಟ್ಟೀಯ?”

“ಟಿಕೆಟ್ ತಗಂಡ್ರೆ ನಿನಗೂ ಐತೆ, ಕುಂದ್ರಜ್ಜಿ.”

ದಾವಣಗೆರೆ ಮುಟ್ಟುವಾಗ ಹುಡುಗನ ತಲೆ ಒಪ್ಪವಾಗಿರಲಿಲ್ಲ, ಆದರೆ ಕೆಲಸ ಮುಗಿದಿತ್ತು. ಯಾರೂ ಅವನನ್ನು ಹಿಡಿದಿರಲಿಲ್ಲ.

ಮರುವಾರ ಅವರು ಬಸ್ ನಿಲ್ದಾಣದ ಹಿಂದಿನ ಸಲೂನಿಗೆ ಕೆಲಸ ಕಲಿಯಲು ಹೋದರು. ನಲವತ್ತಾರನೇ ವಯಸ್ಸಿನಲ್ಲಿ, ಕೈ ಪಳಗಲೆಂದು ಬಲೂನಿಗೆ ನೊರೆ ಹಚ್ಚಿ ರೇಜರ್ ಹಿಡಿದರು. ಮೊದಲ ದಿನ ಒಡೆದದ್ದು ಒಂಬತ್ತು ಬಲೂನು. ಸಲೂನಿನ ಯಜಮಾನರು ಅರವತ್ತು ದಾಟಿದವರು, ನಗದೆ ತಮಾಷೆ ಮಾಡುವವರು. “ಕಂಡಕ್ಟ್ರೆ, ಟಿಕೆಟ್ ಹರ್ದಂಗೆ ಗಿರಾಕಿ ಕಿವಿ ಹರಿಬ್ಯಾಡ್ರಿ” ಎಂದರು.

ಮನೆಯಲ್ಲಿ ತಮಾಷೆ ಇರಲಿಲ್ಲ. ಅಣ್ಣ ಬಂದು ಬಾಗಿಲಲ್ಲೇ ನಿಂತು, “ನಮ್ಮ ಮನೆತನದಾಗೆ ಯಾರೂ ಕತ್ತರಿ ಹಿಡ್ದಿಲ್ಲ. ನೀನು ಊರೋರ ಗಡ್ಡ ಹಿಡಿಯಾಕೆ ಹೊಂಟೀಯ” ಎಂದರು.

“ಇವನ ಕೈಕಾಲು ಹಿಡಿಯಾಕೆ ನೀನು ಬರ್ತಿದ್ಯಲ್ಲ, ಅದಕ್ಕಿಂತ ಇದು ವಾಸಿ” ಎಂದರು ಕಂಡಕ್ಟರ್. ಅಣ್ಣ ಎರಡು ವರ್ಷ ಆ ಮನೆಗೆ ಬರಲಿಲ್ಲ.

ವಾರದ ಆರು ದಿನ ಅವರು ಎಲ್ಲರಂತೆ ಕೆಲಸ ಮಾಡಿದರು. ಮನೆ ಎರಡು ಬೀದಿ ಆಚೆ ಇದ್ದುದರಿಂದ ನಡುವೆ ಹೋಗಿ ಮಗನಿಗೆ ಸ್ನಾನ ಮಾಡಿಸಿ ಬರುತ್ತಿದ್ದರು. ಮಂಗಳವಾರ ಸಲೂನಿಗೆ ರಜೆ. ಆ ದಿನ ಬೀಗದ ಕೈ ಕೊಡಿ ಎಂದು ಯಜಮಾನರನ್ನು ಕೇಳಿದರು. ಟಿವಿ ಇಲ್ಲ, ಮಶೀನು ಇಲ್ಲ, ಕಾಯುವ ಜನ ಇಲ್ಲ. ತಮ್ಮ ಮಗನಂಥ ಮಕ್ಕಳಿಗೆ ಅದೇ ಸರಿಯಾದ ದಿನ ಎಂಬುದು ಅವರ ಲೆಕ್ಕ. ಬಸ್ಸಿನ ಮಾಲೀಕರು ಅದನ್ನು ಮಾರುವ ಮೊದಲು ಬಿಚ್ಚಿಕೊಟ್ಟ ಆ ಕಿಟಕಿ ಸೀಟನ್ನು ಮೂಲೆಯಲ್ಲಿ ಕೂರಿಸಿದರು.

ಆದರೆ ಮಂಗಳವಾರ ಯಾರೂ ತಲೆಗೂದಲು ತೆಗೆಸುವುದಿಲ್ಲ. ಅವರ ಅತ್ತೆಯೇ ಮೊದಲು ತಡೆದರು. “ಮಂಗಳವಾರ ತಲೆಗೆ ಕತ್ತರಿ ಹಾಕಿದ್ರೆ ಮನೆಗೆ ಒಳ್ಳೇದಾಗಲ್ಲ.”

“ಇನ್ನೇನು ಕೆಟ್ಟದ್ದು ಆಗಾಕೈತೆ ಅತ್ತೆ, ಪಟ್ಟಿ ಮಾಡಿ ಕೊಡ್ರಿ” ಎಂದರಂತೆ ಅಳಿಯ.

ಮೊದಲ ಎರಡು ತಿಂಗಳು ಬಂದದ್ದು ಅವರ ಮಗನೊಬ್ಬನೇ. ಆಮೇಲೆ ಹೊನ್ನಾಳಿಯಿಂದ ಒಬ್ಬ ತಾಯಿ ಅವಳಿ ಮಕ್ಕಳನ್ನು ಕರೆತಂದರು. ಅವರಿಂದ ನ್ಯಾಮತಿಗೆ ಮಾತು ಹೋಯಿತು. ಜಗಳೂರಿನಿಂದ ಒಬ್ಬ ತಂದೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಮಗಳನ್ನು ಕರೆತರುತ್ತಿದ್ದರು. ಕಂಡಕ್ಟರ್ ಕತ್ತರಿ ಹಾಕುತ್ತ ಆ ಹುಡುಗಿಗೆ ಬಿಳಿಚೋಡಿನ ದಾರಿಯ ಸ್ಟಾಪುಗಳನ್ನು ಕೂಗುತ್ತಿದ್ದರು, ನ್ಯಾಮತಿಯವರಿಗೆ ಸವಳಂಗದ ದಾರಿ. ಯಾವ ಮಗುವಿಗೆ ಯಾವ ದಾರಿ ಎಂದು ರಟ್ಟಿನ ಮೇಲೆ ಬರೆದು ಕನ್ನಡಿಯ ಪಕ್ಕ ತೂಗುಹಾಕಿದ್ದರು. ಎಷ್ಟು ಸ್ಟಾಪು ಉಳಿದಿವೆ ಎಂದು ಗೊತ್ತಿದ್ದರೆ ಮಕ್ಕಳು ಕೂರುತ್ತಾರೆ ಎನ್ನುತ್ತಿದ್ದರು.

ಒಮ್ಮೆ ಮಾತ್ರ ತಪ್ಪಿದರು. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಅವಸರದಲ್ಲಿ ಕುಕ್ಕುವಾಡ ಬಿಟ್ಟು ಹದಡಿ ಕೂಗಿಬಿಟ್ಟರು. ಮಗ ಸೀಟಿನಿಂದ ಎದ್ದವನು ಮತ್ತೆ ಕೂರಲಿಲ್ಲ. ಒಂದು ವಾರ ಅರ್ಧ ತಲೆಯಲ್ಲೇ ಓಡಾಡಿದ. ಕೇಳಿದವರಿಗೆಲ್ಲ ಕಂಡಕ್ಟರ್, “ತಪ್ಪು ನಂದು. ಸ್ಟಾಪ್ ಹಾರಿಸಿದ್ರೆ ಯಾರು ಸುಮ್ಕಿರ್ತಾರೆ?” ಎನ್ನುತ್ತಿದ್ದರು.

ನಾನು ಅವರ ಬಗ್ಗೆ ಬರೆಯುತ್ತೇನೆಂದು ಮೂರು ಸಲ ಕೇಳಿದೆ. ಮೂರು ಸಲವೂ ಒಂದೇ ಉತ್ತರ. “ಬರಿಬ್ಯಾಡ್ರಿ ಸಾಹೇಬ್ರೆ. ಜನ ನೋಡಾಕೆ ಬರ್ತಾರೆ. ಈ ಹುಡುಗ್ರಿಗೆ ಜನ ಆಗಲ್ಲ.” ಹೊರಗಿನ ಬೋರ್ಡಿನಿಂದ ‘ಮಂಗಳವಾರ ರಜೆ’ ಎಂಬುದನ್ನೂ ಅವರು ಅದಕ್ಕೇ ಅಳಿಸಲು ಬಿಡಲಿಲ್ಲ. ಮೂರನೇ ಸಲ ಒಂದು ಮಾತು ಸೇರಿಸಿದ್ದರು. “ನಂದು ಒಂದೇ ಯೋಚ್ನೆ. ನಾನಿಲ್ದಾಗ ಇವನ ತಲೆ ಯಾರು ಮುಟ್ತಾರೆ?”

ಆ ಪ್ರಶ್ನೆ ಅವರು ತೀರಿಕೊಂಡ ಹನ್ನೊಂದನೇ ದಿನ ಎದುರಾಯಿತು. ಅಪ್ಪ ಸತ್ತರೆ ಮಗನ ತಲೆ ಬೋಳಿಸುವುದು ಅವರ ಮನೆಯ ಪದ್ಧತಿ. ಅಂದು ಮಂಗಳವಾರ. ಹುಡುಗನಿಗೆ ಆಗ ಹದಿನೇಳು, ಅಪ್ಪನಿಗಿಂತ ಎತ್ತರ. ಅಪ್ಪನಲ್ಲದೆ ಬೇರೆಯವರು ಆರು ವರ್ಷದಿಂದ ಅವನ ತಲೆ ಮುಟ್ಟಿರಲಿಲ್ಲ. “ಎರಡು ಕೂದ್ಲು ಕತ್ತರಿಸಿ ಶಾಸ್ತ್ರ ಮುಗ್ಸನ, ಹಿಡಿಯೋದು ಬ್ಯಾಡ” ಎಂದವರು ದೊಡ್ಡಪ್ಪ. ತಾಯಿ, “ಅವ್ರಪ್ಪ ಕೂರಿಸ್ತಿದ್ದಂಗೆ ಕೂರ್ಸಿ ನೋಡನ” ಎಂದರು.

ಸಲೂನಿನ ಬಾಗಿಲು ಹಾಕಿಕೊಂಡು ಒಳಗೆ ಇದ್ದವರು ಐದೇ ಜನ: ಹುಡುಗ, ತಾಯಿ, ದೊಡ್ಡಪ್ಪ, ಯಜಮಾನರು, ನಾನು. ಹುಡುಗ ತಾನಾಗಿಯೇ ಬಸ್ಸಿನ ಸೀಟಿನಲ್ಲಿ ಕೂತ. ಯಜಮಾನರು ರಟ್ಟು ನೋಡುತ್ತ, “ನಲ್ಲೂರು” ಎಂದು ಮೆಲ್ಲಗೆ ಹೇಳಿ ಕತ್ತರಿ ಇಟ್ಟರು. ಹುಡುಗ ಭುಜ ಬಿಗಿಮಾಡಿದ, ಏಳಲಿಲ್ಲ. ಕತ್ತಲಗೆರೆಗೆ ಕತ್ತರಿ ಮುಗಿದು ರೇಜರ್ ಬಂತು. ತ್ಯಾವಣಿಗೆ ಆಯಿತು. ಯಜಮಾನರ ಕನ್ನಡಕ ಮಂಜಾಗಿತ್ತು. “ಹದಡಿ” ಎಂದುಬಿಟ್ಟರು.

ತಾಯಿ ಗೋಡೆ ಹಿಡಿದುಕೊಂಡರು.

ಹುಡುಗ ಕನ್ನಡಿ ನೋಡುತ್ತಲೇ ಹೇಳಿದ, “ಕುಕ್ಕುವಾಡ.”

“ಹೌದ್ರಿ, ಕುಕ್ಕುವಾಡ. ತಪ್ಪಾತು” ಎಂದರು ಯಜಮಾನರು. ರೇಜರ್ ಎತ್ತಿಕೊಂಡು ನಿಂತರು. ಹುಡುಗ ತಲೆ ಬಗ್ಗಿಸಿದ.

ದಾವಣಗೆರೆ ಮುಟ್ಟಿದಾಗ ಹನ್ನೊಂದೂಕಾಲು.

ಇದನ್ನು ಬರೆಯಲು ಕಂಡಕ್ಟರರ ಹೆಂಡತಿ ಒಪ್ಪಿದ್ದಾರೆ. ಸಲೂನಿನ ಹೆಸರು ಬೇಡ ಎಂದರು. ಕಳೆದ ಮಂಗಳವಾರ ಅಲ್ಲಿಗೆ ಏಳು ಮಕ್ಕಳು ಬಂದಿದ್ದರು. ಸ್ಟಾಪು ಕೂಗಿದವರು ಯಜಮಾನರು. ಹೊರಗಿನ ಬೋರ್ಡಿನಲ್ಲಿ ಈಗಲೂ ‘ಮಂಗಳವಾರ ರಜೆ’ ಎಂದೇ ಇದೆ.